ಗ್ರೂಪ್ ಹರಡಿತು ಅಂತ ಪೆಲೆಟ್ ಬದಲಿಸುವ ಮುಂಚೆ: ಹತ್ತು ಮೀಟರ್ ಏರ್ ರೈಫಲ್ ದೋಷ ಹುಡುಕುವ ಬಗೆ

ಫೆಬ್ರವರಿ ಕೊನೆಯ ವಾರ. ಗುಬ್ಬಿ ಕಡೆಯಿಂದ ದಿನಾ ಬಸ್ಸಿನಲ್ಲಿ ತುಮಕೂರಿಗೆ ಬರುವ ಒಂಬತ್ತನೇ ಕ್ಲಾಸಿನ ಹುಡುಗಿ ತನ್ನ ಗುರಿ ಕಾರ್ಡುಗಳನ್ನು ನನ್ನ ಮುಂದೆ ಹರಡಿ ಸುಮ್ಮನೆ ನಿಂತಳು. 60 ಗುಂಡಿಗೆ 619ರ ಸುತ್ತ ಇದ್ದ ಸ್ಕೋರು ಎರಡು ವಾರದಲ್ಲಿ 609ಕ್ಕೆ ಇಳಿದಿತ್ತು. ಆಗಲೇ ಅವಳ ಅಪ್ಪ ಎರಡು ಹೊಸ ಡಬ್ಬಿ ಪೆಲೆಟ್ (ಏರ್ ರೈಫಲ್‌ನ ಸೀಸದ ಗುಂಡು) ತಂದುಕೊಟ್ಟಿದ್ದರು. ಸ್ಕೋರು ಮೇಲೇಳಲಿಲ್ಲ. ‘ಇದೂ ಕೆಟ್ಟ ಲಾಟ್ ಇರಬೇಕು, ಇನ್ನೊಂದು ಕಂಪನಿದು ನೋಡೋಣ’ ಅಂತ ಮೂರನೆಯದಕ್ಕೆ ಕೈ ಹಾಕುವ ಹೊತ್ತಿಗೆ ನನ್ನ ಹತ್ತಿರ ಬಂದರು.

ನಮ್ಮದು ಸಣ್ಣ ರೇಂಜ್. ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗೆ, ಮೊದಲು ಕೊಬ್ಬರಿ ತುಂಬುತ್ತಿದ್ದ ಗೋಡೌನು. ಶೀಟ್ ಚಾವಣಿ, ನಾಲ್ಕು ಲೇನು. ಅಲ್ಲಿನ ರೈಫಲ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕಾಟ್ರಿಜ್ ತುಂಬುವವರು ಸಿಡಿಮದ್ದು ಯಾವುದು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ನಮ್ಮ ರೈಫಲ್‌ನಲ್ಲಿ ಮದ್ದಿನ ಜಾಗದಲ್ಲಿ ಗಾಳಿ ಇದೆ. ಅದನ್ನು ಅಳೆದು ಕೊಡುವುದು ರೆಗ್ಯುಲೇಟರ್, ತಡೆದು ಹಿಡಿಯುವುದು ಒಂದು ರಬ್ಬರ್ ಉಂಗುರ. ಗಾಳಿ ಕಣ್ಣಿಗೆ ಕಾಣುವುದಿಲ್ಲ, ಪೆಲೆಟ್ ಕಾಣುತ್ತದೆ. ಅದಕ್ಕೇ ಎಲ್ಲರೂ ಪೆಲೆಟ್ ಮೇಲೆ ತಪ್ಪು ಹೊರಿಸುತ್ತಾರೆ. ಪೆಲೆಟ್ ಆರಿಸುವುದು ಖಂಡಿತ ಮುಖ್ಯವೇ. ಆದರೆ ಅದು ಕೊನೆಯ ಕೆಲಸ. ಕಾಯಿಲೆ ಬಿದ್ದ ರೈಫಲ್‌ನಲ್ಲಿ ಪೆಲೆಟ್ ಪರೀಕ್ಷೆ ಮಾಡಿದರೆ ನಾವು ಪರೀಕ್ಷೆ ಮಾಡುವುದು ಕಾಯಿಲೆಯನ್ನೇ.

ಎಷ್ಟು ಹರಡಿದೆ ಅಂತ ಮೊದಲು ಅಳೆಯಿರಿ

ಹತ್ತು ಮೀಟರ್ ಕಾರ್ಡಿನಲ್ಲಿ 10ರ ಚುಕ್ಕೆ ಬರೀ 0.5 ಮಿ.ಮೀ. ಅದರ ಸುತ್ತ ಒಂದೊಂದು ಉಂಗುರಕ್ಕೂ 2.5 ಮಿ.ಮೀ. ದೂರ. ಕಪ್ಪು ಭಾಗ ಪೂರ್ತಿ 30.5 ಮಿ.ಮೀ. ಪೆಲೆಟ್ಟಿನ ಅಗಲ 4.5 ಮಿ.ಮೀ. ಚುಕ್ಕೆಗೆ ಅದರ ಅಂಚು ತಾಗಿದರೂ 10 ಸಿಗುತ್ತದೆ. ಅಂದರೆ ಎಲ್ಲ ಗುಂಡೂ 10 ಆಗಬೇಕಾದರೆ ಗ್ರೂಪಿನ (ಒಂದೇ ಗುರಿಗೆ ಹೊಡೆದ ಗುಂಡುಗಳ ತೂತುಗಳ ಗುಂಪಿನ) ಹೊರ ಅಂಚಿನಿಂದ ಹೊರ ಅಂಚಿಗೆ 9.5 ಮಿ.ಮೀ. ಒಳಗಿರಬೇಕು, ಅದೂ ಸರಿಯಾಗಿ ನಡುವೆ ಕೂತಿರಬೇಕು. ದಶಮಾಂಶದ ಲೆಕ್ಕದಲ್ಲಿ ಪ್ರತಿ 0.25 ಮಿ.ಮೀ.ಗೆ 0.1 ಅಂಕ ಹೋಗುತ್ತದೆ. 60 ಗುಂಡಿಗೆ ಗರಿಷ್ಠ 654. ಇಷ್ಟು ಸಣ್ಣ ಲೆಕ್ಕದ ಆಟದಲ್ಲಿ ‘ಯಾಕೋ ಸರಿ ಬೀಳ್ತಿಲ್ಲ’ ಅನ್ನುವ ಮಾತಿನಿಂದ ಏನೂ ತಿಳಿಯುವುದಿಲ್ಲ. ಕ್ಯಾಲಿಪರ್ ತೆಗೆದುಕೊಳ್ಳಿ.

ನಿಂತು ಹೊಡೆದ ಕಾರ್ಡನ್ನು ಅಳೆಯಬೇಡಿ. ಅದರಲ್ಲಿ ನಿಮ್ಮ ಉಸಿರು, ಮೊಣಕಾಲು, ಹಿಂದಿನ ರಾತ್ರಿಯ ನಿದ್ದೆ ಎಲ್ಲ ಸೇರಿರುತ್ತವೆ. ಟೇಬಲ್ ಮೇಲೆ ರೈಫಲ್ ಇಟ್ಟು ಹೊಡೆಯಿರಿ. ನಾವು ಅದಕ್ಕೆ ರಾಗಿ ತುಂಬಿದ ಬಟ್ಟೆ ಚೀಲ ಇಟ್ಟುಕೊಂಡಿದ್ದೇವೆ. ರಾಗಿ ಕಾಳು ಸಣ್ಣದು, ರೈಫಲ್‌ನ ಹೊಟ್ಟೆಗೆ ಚೆನ್ನಾಗಿ ಒತ್ತಿಕೊಂಡು ಕೂರುತ್ತದೆ, ಮರಳಿನ ಹಾಗೆ ಪುಡಿ ಉದುರಿ ಯಂತ್ರದೊಳಗೆ ಸೇರುವುದಿಲ್ಲ. ಚೀಲ ಸ್ಟಾಕಿನ (ಕೈಯಲ್ಲಿ ಹಿಡಿದು ಭುಜಕ್ಕೆ ಒತ್ತುವ ಭಾಗದ) ಕೆಳಗೆ ಬರಲಿ. ಬ್ಯಾರಲ್‌ಗಾಗಲಿ ಗಾಳಿಯ ಸಿಲಿಂಡರ್‌ಗಾಗಲಿ ತಾಗಬಾರದು. ಪ್ರತಿ ಸಲವೂ ಒಂದೇ ಜಾಗದಲ್ಲಿ, ಒಂದೇ ಒತ್ತಡದಲ್ಲಿ ಹಿಡಿಯಿರಿ.

ಐದು ಗುಂಡಿನ ಒಂದು ಗ್ರೂಪ್ ನೋಡಿ ತೀರ್ಮಾನ ಮಾಡುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಒಳ್ಳೆಯ ರೈಫಲ್ ಕೂಡ ಒಮ್ಮೊಮ್ಮೆ ಐದರಲ್ಲಿ ದೊಡ್ಡ ತೂತು ಮಾಡುತ್ತದೆ. ಕೆಟ್ಟ ರೈಫಲ್ ಒಮ್ಮೊಮ್ಮೆ ಐದನ್ನೂ ಒಂದೇ ತೂತಿಗೆ ಹಾಕುತ್ತದೆ. ಹತ್ತು ಹತ್ತು ಗುಂಡಿನ ಮೂರು ಗ್ರೂಪಾದರೂ ಬೇಕು. ಮ್ಯಾಚ್ ರೈಫಲ್ ಚೀಲದ ಮೇಲಿಂದ ಹೊರ ಅಂಚಿನಿಂದ ಹೊರ ಅಂಚಿಗೆ 6 ಮಿ.ಮೀ. ಆಸುಪಾಸು ಕೊಟ್ಟರೆ ಆರಾಮಾಗಿದೆ ಅಂತ ನಾನು ಬಿಟ್ಟುಬಿಡುತ್ತೇನೆ. 7 ದಾಟಿದರೆ ಹುಡುಕಲು ಶುರು ಮಾಡುತ್ತೇನೆ.

ಆ ಹುಡುಗಿಯ ರೈಫಲ್ ಕೊಟ್ಟದ್ದು ಅಡ್ಡಡ್ಡ 6, ಉದ್ದುದ್ದ 10. ಮೂರು ಕಾರ್ಡಿನಲ್ಲೂ ಅದೇ ಆಕಾರ, ನಿಂತ ಬೇಳೆಕಾಳಿನ ಹಾಗೆ. ಅಷ್ಟು ನೋಡಿದ ಮೇಲೆ ನನಗೆ ಅರ್ಧ ಸಮಾಧಾನವಾಯಿತು. ಆಕಾರ ಇದೆ ಅಂದರೆ ಕಾರಣವೂ ಒಂದೇ ಇರುತ್ತದೆ.

ಆಕಾರ ಏನು ಹೇಳುತ್ತದೆ

ಮೇಲೆ ಕೆಳಗೆ ಚಾಚಿಕೊಂಡರೆ ಮೊದಲ ಅನುಮಾನ ಗಾಳಿಯ ಮೇಲೆ. ಪೆಲೆಟ್ ಸೆಕೆಂಡಿಗೆ 172 ಮೀಟರ್ ವೇಗದಲ್ಲಿ ಹೋದರೆ ಹತ್ತು ಮೀಟರ್ ಮುಟ್ಟುವಷ್ಟರಲ್ಲಿ ಸುಮಾರು 16.6 ಮಿ.ಮೀ. ಕೆಳಗೆ ಇಳಿದಿರುತ್ತದೆ. ವೇಗ 160ಕ್ಕೆ ಬಿದ್ದರೆ ಇಳಿತ 19 ಮಿ.ಮೀ. ದಾಟುತ್ತದೆ. ಹೆಚ್ಚುಕಮ್ಮಿ ಒಂದು ಪೂರ್ತಿ ಉಂಗುರ ಹೋಯಿತು. ಆದರೆ ಇದೇ ಲೆಕ್ಕದ ಇನ್ನೊಂದು ಮಗ್ಗುಲನ್ನೂ ನೋಡಿ. ವೇಗ ಬರೀ 2 ಮೀಟರ್ ಆಚೀಚೆ ಆದರೆ ಪೆಲೆಟ್ ಸರಿಯುವುದು 0.4 ಮಿ.ಮೀ. ಮಾತ್ರ. ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಮುಂದೆ ಕೂತು 171, 173, 172 ಅಂತ ಬರುವುದನ್ನು ನೋಡಿ ಗಾಬರಿಯಾಗುವವರನ್ನು ಕಂಡಿದ್ದೇನೆ. ಗಾಬರಿ ಬೇಡ, ಅದು ಆರೋಗ್ಯದ ಲಕ್ಷಣ.

ಅಡ್ಡಕ್ಕೆ ಚಾಚಿಕೊಂಡರೆ ಕೈ, ಟ್ರಿಗರ್, ಸೈಟು (ಗುರಿ ನೋಡುವ ಭಾಗ), ಸಡಿಲ ಸ್ಕ್ರೂ. ರೈಫಲ್ ವಾಲಿಸಿ ಹಿಡಿಯುವ ಅಭ್ಯಾಸವೂ ಕಾರಣವಾಗಬಹುದು. ಯಾವಾಗಲೂ ಒಂದೇ ಥರ ವಾಲಿಸಿದರೆ ತೊಂದರೆಯಿಲ್ಲ. ಒಮ್ಮೆ ನೆಟ್ಟಗೆ, ಇನ್ನೊಮ್ಮೆ 5 ಡಿಗ್ರಿ ವಾಲಿಸಿದರೆ ಗುಂಡು ಪಕ್ಕಕ್ಕೆ ಒಂದೂವರೆ ಮಿ.ಮೀ. ಹತ್ತಿರ ಸರಿಯುತ್ತದೆ. ಇನ್ನು, ಒಂಬತ್ತು ಗುಂಡು ಒಂದೇ ತೂತಿಗೆ ಬಿದ್ದು ಒಂದು ಮಾತ್ರ ಎಲ್ಲೋ ಹೋದರೆ, ಆಗ ಪೆಲೆಟ್ ಮೇಲೆ ಅನುಮಾನ ಪಡುವುದು ನ್ಯಾಯ.

ಸ್ಕ್ರೂಗಳು

ಇದಕ್ಕೆ ಹತ್ತು ನಿಮಿಷ ಸಾಕು, ಆದರೂ ಬಿಡುವವರೇ ಜಾಸ್ತಿ. ಸ್ಟಾಕ್ ಹಿಡಿದಿರುವ ಸ್ಕ್ರೂ, ಬ್ಯಾರಲ್ ಹಿಡಿದಿರುವ ಸ್ಕ್ರೂ, ಹಿಂದಿನ ಸೈಟಾದ ಡಯಾಪ್ಟರಿನ ಬುಡ, ಮುಂದಿನ ಸೈಟಿನ ಕೊಳವೆ, ಅದರೊಳಗಿನ ಉಂಗುರ, ಮೂತಿಯ ತೂಕದ ಕಟ್ಟು. ಒಂದೊಂದನ್ನೂ ತಯಾರಕರು ಹೇಳಿದಷ್ಟೇ ಬಿಗಿ ಮಾಡಿ. ಇನ್ನಷ್ಟು ತಿರುಗಿಸುವ ಆಸೆ ಬೇಡ. ಅಲ್ಯೂಮಿನಿಯಂನೊಳಗಿನ ಸ್ಕ್ರೂ ಥ್ರೆಡ್ ಹೋದರೆ ಮತ್ತೆ ಬರುವುದಿಲ್ಲ.

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಫೈನಲ್‌ಗೆ ಮುಂಚೆ ಹೊಡೆದ ಸೈಟಿಂಗ್ ಗುಂಡು 4ರ ಉಂಗುರಕ್ಕೆ ಹೋಗಿತ್ತು. ಅರ್ಹತಾ ಸುತ್ತಿನಲ್ಲಿ ಸರಿಯಿದ್ದ ಸೈಟು ಅಷ್ಟರಲ್ಲಿ ಜರುಗಿತ್ತು. ಆತ ಕ್ಲಿಕ್ ತಿರುಗಿಸಿ ನಡುವಿಗೆ ತಂದುಕೊಂಡು ಚಿನ್ನ ಗೆದ್ದರು. ನನ್ನ ಹುಡುಗರಿಗೆ ನಾನು ಇದನ್ನು ಮತ್ತೆ ಮತ್ತೆ ಹೇಳುತ್ತೇನೆ. ಅಂಥ ಹೊತ್ತಿನಲ್ಲೂ ಆತ ಮೊದಲು ನೋಡಿದ್ದು ಸೈಟನ್ನು. ಪೂರ್ತಿ ಗ್ರೂಪೇ ಜರುಗಿದರೆ ಸೈಟು. ಗ್ರೂಪೇ ಒಡೆದರೆ ಬೇರೆ ಏನೋ. ಈ ಎರಡನ್ನೂ ಕಲಸಬಾರದು.

ಹುಡುಗಿಯ ರೈಫಲ್‌ನಲ್ಲಿ ಡಯಾಪ್ಟರ್ ಬುಡ ಕಾಲು ಸುತ್ತು ಸಡಿಲ ಇತ್ತು. ಬಿಗಿ ಮಾಡಿ ಮತ್ತೆ ಹೊಡೆದೆವು. ಅಡ್ಡಳತೆ 6ರಿಂದ 5.8ಕ್ಕೆ ಬಂತು. ಉದ್ದಳತೆ 10ರಲ್ಲೇ ನಿಂತಿತ್ತು. ಅಲ್ಲಿಗೆ ಸ್ಕ್ರೂ ವಿಷಯ ಮುಗಿಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಅಳೆದು, ಆಮೇಲೆ ಮುಂದಿನದಕ್ಕೆ ಹೋಗುವುದು ನಮ್ಮ ಕ್ರಮ. ಸ್ಕ್ರೂ ಬಿಗಿ ಮಾಡಿ, ಬ್ಯಾರಲ್ ಉಜ್ಜಿ, ಪೆಲೆಟ್ಟನ್ನೂ ಬದಲಿಸಿ ಒಟ್ಟಿಗೇ ಹೊಡೆದರೆ, ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ. ಆರು ತಿಂಗಳ ನಂತರ ಅದೇ ತೊಂದರೆ ಬಂದಾಗ ಮತ್ತೆ ಮೊದಲಿನಿಂದ ಹುಡುಕಬೇಕು.

ಗಾಳಿ

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ನಮ್ಮೂರಿನ ಬಿಸಿಲು ಇಲ್ಲಿ ದಾರಿ ತಪ್ಪಿಸುತ್ತದೆ.

ಸಿಲಿಂಡರಿನಲ್ಲಿ 200 ಬಾರ್ ತುಂಬುತ್ತೇವೆ. ಏಪ್ರಿಲ್ ಮಧ್ಯಾಹ್ನ ಶೀಟಿನ ಕೆಳಗೆ 37 ಡಿಗ್ರಿ. ಮಾರನೇ ಬೆಳಗ್ಗೆ 22 ಡಿಗ್ರಿ. ಒಂದು ಗುಂಡೂ ಹೊಡೆಯದೆ, ಒಂದು ಗುಳ್ಳೆಯಷ್ಟೂ ಸೋರದೆ ಮೀಟರು 190 ತೋರಿಸುತ್ತದೆ. ಗಾಳಿ ತಣ್ಣಗಾಯಿತು, ಒತ್ತಡ ಇಳಿಯಿತು, ಅಷ್ಟೇ. ತುಂಬಿದ ತಕ್ಷಣ ಸಿಲಿಂಡರು ಮುಟ್ಟಿದರೆ ಬಿಸಿ ಇರುತ್ತದಲ್ವಾ, ಅದು ಆರಿದಾಗಲೂ ಹೀಗೇ ಇಳಿಯುತ್ತದೆ. ಇದನ್ನು ಸೋರಿಕೆ ಅಂದುಕೊಂಡು ವಾಲ್ವ್ ಬಿಚ್ಚಿಸಿದವರಿದ್ದಾರೆ. ಎರಡು ದಿನ ಬೆಳಗ್ಗೆ ಒಂದೇ ಹೊತ್ತಿಗೆ ಮೀಟರ್ ನೋಡಿ ಬರೆದುಕೊಳ್ಳಿ. ಬೆಳಗ್ಗೆಯಿಂದ ಬೆಳಗ್ಗೆಗೆ ಇಳಿದರೆ ಮಾತ್ರ ಸೋರಿಕೆ.

ಸಿಲಿಂಡರಿನ ಒತ್ತಡ ರೆಗ್ಯುಲೇಟರಿಗೆ ಬೇಕಾದ ಮಟ್ಟಕ್ಕಿಂತ ಕೆಳಗೆ ಹೋದರೆ ಗುಂಡುಗಳು ಒಂದೊಂದಾಗಿ ಕೆಳಕ್ಕೆ ಜಾರುತ್ತವೆ. ಮೀಟರಿನ ಕೆಂಪು ಗುರುತು ಅದಕ್ಕೇ ಇರುವುದು. ಇದು ಸುಲಭದ ಪ್ರಕರಣ, ಗಾಳಿ ತುಂಬಿದರೆ ಸರಿ. ಕಷ್ಟದ್ದು ರೆಗ್ಯುಲೇಟರ್ ತೆವಳುವುದು. ಐದು ನಿಮಿಷ ಸುಮ್ನೆ ಬಿಟ್ಟು ಮತ್ತೆ ಹೊಡೆದಾಗ ಮೊದಲ ಗುಂಡು ಮಾತ್ರ ಮೇಲೆ ಬಿದ್ದು ಉಳಿದವು ಸರಿ ಬಿದ್ದರೆ, ರೆಗ್ಯುಲೇಟರಿನ ಸೀಟು ಪೂರ್ತಿ ಮುಚ್ಚುತ್ತಿಲ್ಲ. ನಿಂತಷ್ಟು ಹೊತ್ತೂ ಗಾಳಿ ಒಳಗೆ ನುಸುಳಿ ಒತ್ತಡ ಏರುತ್ತಿರುತ್ತದೆ. ಧೂಳಿನ ಕಣವೋ, ತೇವದಿಂದ ಹಿಡಿದ ತುಕ್ಕೋ ಕಾರಣವಾಗಿರಬಹುದು. ಮಳೆಗಾಲದಲ್ಲಿ ಕೈಪಂಪಿನಿಂದ ತುಂಬುವವರಿಗೆ ಇದು ಜಾಸ್ತಿ. ಪಂಪಿನ ನೀರು ಬಸಿಯುವುದನ್ನು ಮರೆಯಬೇಡಿ.

ದಯವಿಟ್ಟು ಒಂದು ಮಾತು ಕೇಳಿ. ರೆಗ್ಯುಲೇಟರನ್ನೂ ಸಿಲಿಂಡರ್ ವಾಲ್ವನ್ನೂ ಮನೆಯಲ್ಲಿ ಬಿಚ್ಚಬೇಡಿ. 200 ಬಾರ್ ಅಂದರೆ ಕಾರಿನ ಟೈರಿನ ಗಾಳಿಯ ತೊಂಬತ್ತು ಪಟ್ಟಿಗೂ ಮೇಲೆ. ಆ ಜಾಗಕ್ಕೆ ಎಣ್ಣೆ ಹಾಕಬೇಡಿ. ಒತ್ತಿದ ಗಾಳಿಯಲ್ಲಿ ಎಣ್ಣೆ ಹೊತ್ತಿಕೊಳ್ಳುತ್ತದೆ. ಸಿಲಿಕೋನ್ ಗ್ರೀಸ್ ಮಾತ್ರ. ವೆಲ್ಡಿಂಗ್ ಅಂಗಡಿಯ ಆಮ್ಲಜನಕ ಯಾವ ಕಾರಣಕ್ಕೂ ತುಂಬಬೇಡಿ. ಸಿಲಿಂಡರಿನ ಮೇಲೆ ಬರೆದಿರುವ ತಾರೀಕು ನೋಡಿ. ಅವಧಿ ಮೀರಿದ್ದನ್ನು ಪಂದ್ಯದಲ್ಲಿ ಬಳಸುವ ಹಾಗಿಲ್ಲ, ಮನೆಯಲ್ಲಿ ಬಳಸುವುದು ಅದಕ್ಕಿಂತ ಅಪಾಯ.

ಹುಡುಗಿಯ ರೈಫಲ್‌ನಲ್ಲಿ ಮೊದಲ ಗುಂಡು ಮೇಲೆ ಹೋಗುತ್ತಿರಲಿಲ್ಲ. ಕೆಳಗೆ ಬೀಳುವ ಗುಂಡಿಗೆ ಯಾವ ಸರದಿಯೂ ಇರಲಿಲ್ಲ. ಎರವಲು ತಂದ ಕ್ರೋನೋಗ್ರಾಫ್ ಮುಂದೆ ಹೊಡೆದಾಗ 172, 171, 158, 170, 163, 172, 155 ಅಂತ ಬಂತು. ಹಳೆ ಡಬ್ಬಿಯ ತಳದಲ್ಲಿ ಉಳಿದಿದ್ದ ಪೆಲೆಟ್ ಹಾಕಿದರೂ ಅದೇ ಕುಣಿತ. ಅಲ್ಲಿಗೆ ಪೆಲೆಟ್ ನಿರಪರಾಧಿ ಅಂತ ಗೊತ್ತಾಯಿತು. ತೆಳು ಟಿಶ್ಯೂ ಕಾಗದದ ಒಂದು ಎಳೆಯನ್ನು ಬ್ರೀಚಿನ (ಪೆಲೆಟ್ ಹಾಕುವ ಬಾಯಿಯ) ಪಕ್ಕ ಟೇಪಿನಿಂದ ಅಂಟಿಸಿ, ಗುರಿ ಕಡೆಗೇ ಮೂತಿ ಇಟ್ಟು ಹೊಡೆಸಿದೆ. ಮೂರನೇ ಗುಂಡಿಗೆ ಎಳೆ ಪಟಕ್ಕನೆ ಎದ್ದು ಬಿತ್ತು. ಪೆಲೆಟ್ ಹಿಂದೆ ಹೋಗಬೇಕಾದ ಗಾಳಿ ಪಕ್ಕದಿಂದ ಹೊರಗೆ ಬರುತ್ತಿತ್ತು.

ಸಿಲಿಂಡರ್ ಕಳಚಿ, ಒಳಗುಳಿದ ಗಾಳಿಯನ್ನು ಖಾಲಿ ಹೊಡೆದು ಬಿಟ್ಟು, ಬ್ರೀಚ್ ತೆರೆದು ಟಾರ್ಚ್ ಹಾಕಿ ನೋಡಿದೆವು. ಬ್ಯಾರಲ್ ಬಾಯಿಯ ಓ-ರಿಂಗ್, ಅಂದರೆ ಗಾಳಿ ತಡೆಯುವ ಆ ರಬ್ಬರ್ ಉಂಗುರದ ಒಂದು ಕಡೆ ಉಗುರಿನ ಚಂದ್ರನಷ್ಟು ಸಣ್ಣ ಸೀಳು. ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿದೆ. ಉಕ್ಕಿನ ಸೂಜಿ ಬಳಸಿದರೆ ಅದು ಕೂರುವ ತೋಡಿಗೆ ಗೀರು ಬಿದ್ದು ಹೊಸ ರಿಂಗೂ ಸೋರುತ್ತದೆ. ಹೊರಗೆ ಬಂದ ಹಳೇ ರಿಂಗನ್ನು ಬೆರಳಲ್ಲಿ ಮಡಚಿದಾಗ ಒಣಗಿದ ರಬ್ಬರ್ ಬ್ಯಾಂಡಿನ ಹಾಗೆ ಸುತ್ತಲೂ ಬಿರುಕು ಕಂಡಿತು. ಶಾಖಕ್ಕೂ ಧೂಳಿಗೂ ಗಟ್ಟಿಯಾಗಿಬಿಟ್ಟಿತ್ತು.

ಹೊಸದು ತಯಾರಕರದೇ ಆಗಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ‘ಇದೇ ಸೈಜು ಸಾರ್’ ಅಂತ ಕೊಡುವುದರ ದಪ್ಪ ಕೂದಲೆಳೆಯಷ್ಟು ಬೇರೆ ಇದ್ದರೂ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಹೊಸದಕ್ಕೆ ಬೆರಳ ತುದಿಯಲ್ಲಿ ಸಿಲಿಕೋನ್ ಗ್ರೀಸ್ ಸವರಿ ಕೂರಿಸಿದೆವು. ಹತ್ತು ಗುಂಡು: ಎಲ್ಲವೂ 171ರಿಂದ 173ರ ಒಳಗೆ. ಕಾರ್ಡಿನಲ್ಲಿ ಬೇಳೆಕಾಳು ಹೋಗಿ ದುಂಡು ತೂತು ಬಂತು, 6 ಮಿ.ಮೀ. ಮನೆಯಲ್ಲಿದ್ದ ಆ ಎರಡು ಹೊಸ ಡಬ್ಬಿಗಳೂ ಚೆನ್ನಾಗಿಯೇ ಇದ್ದವು.

ಬ್ಯಾರಲ್ ವಿಷಯ ಚಿಕ್ಕದು. ಬ್ರೀಚ್ ಕಡೆಯಿಂದ ಫೆಲ್ಟ್ ಬಿರಡೆ ತೂರಿಸಿ, ಕಪ್ಪು ಸೀಸ ಬರುವುದು ನಿಂತರೆ ಸಾಕು. ಶುಚಿ ಮಾಡಿದ ಮೇಲೆ ಹದಿನೈದು ಇಪ್ಪತ್ತು ಗುಂಡು ಹೊಡೆದು ಆಮೇಲೆ ಅಳೆಯಿರಿ. ವಾರಕ್ಕೊಮ್ಮೆ ಉಜ್ಜುವ ಅಗತ್ಯವಿಲ್ಲ.

ಈಗ ಪೆಲೆಟ್

ಎಲ್ಲ ಸರಿಯಿದ್ದೂ ಒಂದೊಂದು ಗುಂಡು ಹೊರಗೆ ಹಾರಿದರೆ ಡಬ್ಬಿಯನ್ನು ಬಿಳಿ ತಟ್ಟೆಗೆ ಸುರಿಯಿರಿ. ನಮ್ಮಲ್ಲಿಗೆ ಬರುವ ಇನ್ನೊಬ್ಬ ಹುಡುಗನಿಗೆ ಹೀಗೇ ಆಗಿತ್ತು. ಕುಣಿಗಲ್ ರಸ್ತೆಯಲ್ಲಿ ಬೈಕಿನಿಂದ ಅವನ ಬ್ಯಾಗ್ ಬಿದ್ದಿತ್ತು, ಡಬ್ಬಿ ಹೊರಗಿನಿಂದ ನೆಟ್ಟಗೇ ಇತ್ತು. ಭೂತಗನ್ನಡಿ ಹಿಡಿದು ನೋಡಿದರೆ ಪೆಲೆಟ್ಟಿನ ಲಂಗದ ಅಂಚು ಅಲ್ಲಲ್ಲಿ ಒಳಕ್ಕೆ ನೆಗ್ಗಿತ್ತು. ಪೆಲೆಟ್ಟಿನ ತಲೆ ಚಪ್ಪಟೆ, ನಡು ಸಣ್ಣ, ಹಿಂದೆ ಟೊಳ್ಳು ಲಂಗ. ಗಾಳಿ ಬಂದು ಒತ್ತುವುದು ಆ ಲಂಗದೊಳಕ್ಕೆ. ಅದು ಅಗಲವಾಗಿ ಬ್ಯಾರಲ್ ಗೋಡೆಗೆ ಅಂಟಿಕೊಂಡು ಗಾಳಿ ತಡೆಯಬೇಕು. ಒಂದು ಕಡೆ ನೆಗ್ಗಿದ್ದರೆ ಅಲ್ಲಿ ಗಾಳಿ ಮುಂದೆ ನುಸುಳಿ, ಮೂತಿ ದಾಟುವಾಗ ಪೆಲೆಟ್ಟನ್ನು ಓರೆಯಾಗಿ ತಳ್ಳುತ್ತದೆ. ಗಾಜಿನ ಮೇಲೆ ಮೆಲ್ಲಗೆ ಉರುಳಿಸಿದರೂ ಗೊತ್ತಾಗುತ್ತದೆ. ಒಳ್ಳೆಯದು ನುಣ್ಣಗೆ ವೃತ್ತ ಸುತ್ತುತ್ತದೆ, ನೆಗ್ಗಿದ್ದು ಕುಂಟುತ್ತದೆ. ಆ 500ರಲ್ಲಿ 37 ಕುಂಟಿದವು. ಅವನ್ನು ತೆಗೆದ ಮೇಲೆ ಹಾರುವ ಗುಂಡು ನಿಂತಿತು. ಮೈಮೇಲೆ ಬಿಳಿ ಪುಡಿ ಕಟ್ಟಿದ ಪೆಲೆಟ್ ಬಳಸಬೇಡಿ. ಅದು ಹೆಚ್ಚಾಗಿ ಸೀಸದ ಕಾರ್ಬೊನೇಟು, ಮಕ್ಕಳ ಕೈಗೆ ಸಿಗಬಾರದು. ಪೆಲೆಟ್ ಮುಟ್ಟಿದ ಕೈಯಲ್ಲಿ ತಿಂಡಿ ತಿನ್ನುವ ಹಾಗಿಲ್ಲ, ಮೊದಲು ಸೋಪು ಹಾಕಿ ತೊಳೆಯಬೇಕು. ಈ ಒಂದು ನಿಯಮದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಒಂದೊಂದನ್ನೂ ತೂಕ ಮಾಡಬೇಕಾ ಅಂತ ಕೇಳುತ್ತಾರೆ. ಹತ್ತು ಮೀಟರಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. 0.53 ಗ್ರಾಂ ಪೆಲೆಟ್ ನೂರಕ್ಕೆ ಒಂದರಷ್ಟು ಹೆಚ್ಚುಕಮ್ಮಿ ಇದ್ದರೆ ಗುರಿಯಲ್ಲಿ ಆಗುವ ವ್ಯತ್ಯಾಸ 0.2 ಮಿ.ಮೀ. ಕೂಡ ಇಲ್ಲ. ಆ ಹೊತ್ತನ್ನು ಖಾಲಿ ಟ್ರಿಗರ್ ಅಭ್ಯಾಸಕ್ಕೆ ಕೊಡಿ.

ತಲೆಯ ಅಳತೆ ಮಾತ್ರ ನೋಡಲೇಬೇಕು. ಡಬ್ಬಿಯ ಮೇಲೆ 4.49, 4.50, 4.51 ಅಂತ ಬರೆದಿರುತ್ತದೆ. ಒಬ್ಬರ ಬ್ಯಾರಲ್‌ಗೆ ಒಗ್ಗಿದ್ದು ಇನ್ನೊಬ್ಬರದಕ್ಕೆ ಒಗ್ಗುವುದಿಲ್ಲ, ಎರಡೂ ಒಂದೇ ಮಾದರಿಯ ರೈಫಲ್ ಆಗಿದ್ದರೂ ಅಷ್ಟೇ. ಪ್ರತಿ ಅಳತೆಗೂ ಮೊದಲು ಹತ್ತು ಗುಂಡು ಲೆಕ್ಕಕ್ಕೆ ಹಿಡಿಯದೆ ಹೊಡೆದು, ಆಮೇಲೆ ಹತ್ತರ ಮೂರು ಗ್ರೂಪ್. ಕಾರ್ಡಿನ ಹಿಂದೆ ಅಳತೆ ಬರೆದು, ಮುಂಭಾಗ ತಿರುವಿ ಇಟ್ಟು, ಬೇರೆಯವರ ಕೈಲಿ ಅಳೆಸಿ. ಇಷ್ಟದ ಡಬ್ಬಿ ಇದ್ದರೆ ನಮ್ಮ ಕಣ್ಣೇ ನಮಗೆ ಸುಳ್ಳು ಹೇಳುತ್ತದೆ. ಆ ಹುಡುಗಿಯ ರೈಫಲ್‌ಗೆ 4.49 ಮತ್ತು 4.50 ಸಮಸಮ ಬಂದವು, 4.51 ಎದ್ದು ಕಾಣುವಷ್ಟು ಅಗಲವಾಯಿತು. 4.50 ಆರಿಸಿದೆವು. ಬೆಂಗಳೂರಿನಲ್ಲಿ ಅದು ಯಾವಾಗಲೂ ಸಿಗುತ್ತದೆ, ಮನೆಯಲ್ಲಿದ್ದ ಎರಡು ಡಬ್ಬಿಗಳೂ ಅದೇ ಅಳತೆಯವು.

ಅವಳ ಪೆಟ್ಟಿಗೆಯಲ್ಲಿ ಈಗ ಒಂದು ಹಳೇ ಮಾತ್ರೆ ಡಬ್ಬಿ ಇದೆ. ಒಳಗೆ ಹತ್ತಿ ಹಾಸಿ ಅದೇ ಲಾಟಿನ ಐವತ್ತು ಪೆಲೆಟ್ ಇಟ್ಟಿದ್ದಾಳೆ. ಮುಚ್ಚಳದ ಮೇಲೆ ಲಾಟ್ ಸಂಖ್ಯೆ, ಓ-ರಿಂಗ್ ಬದಲಿಸಿದ ತಾರೀಕು, ಆ ದಿನದ 6 ಮಿ.ಮೀ. ಎಲ್ಲ ಬರೆದಿದ್ದಾಳೆ. ಅವುಗಳಿಂದ ಪಂದ್ಯ ಆಡುವ ಹಾಗಿಲ್ಲ. ಮುಂದೆ ಯಾವತ್ತಾದರೂ ಗ್ರೂಪ್ ಹರಡಿದರೆ, ಮೊದಲ ಹತ್ತು ಗುಂಡು ಆ ಡಬ್ಬಿಯಿಂದ.